ಬೀಗರಿಗೆ ದುರ್ಬೀನು

ನಮ್ಮ ಸೀಮೆಯಲ್ಲಿ ಮನುಷ್ಯನ ಹಿಂಬದಿಯಿಂದ ರಕ್ತ ಬಿದ್ದರೆ ಅದು ಮೂಲವ್ಯಾಧಿ. ಅದರಲ್ಲಿ ಎರಡನೆಯ ಮಾತಿಲ್ಲ. ಮೂವತ್ತನಾಲ್ಕು ವರ್ಷದಿಂದ ಆಳಂದದಲ್ಲಿ ದವಾಖಾನೆ ಇಟ್ಟುಕೊಂಡು ಕೂತಿರುವ ನನಗೆ ಇಷ್ಟು ಖಚಿತವಾದ ಶಾಸ್ತ್ರ ಬೇರೊಂದು ಕಂಡಿಲ್ಲ. ಜ್ವರ ಬಂದರೆ ಜನ ಮಲೇರಿಯಾವೋ ಟೈಫಾಯ್ಡೋ ಎಂದು ಕೇಳುತ್ತಾರೆ. ಎದೆ ನೋವಾದರೆ ವಾಯುವೋ ಹಾರ್ಟೋ ಎಂದು ನನ್ನ ಎದುರೇ ವಾದ ಹೂಡುತ್ತಾರೆ. ರಕ್ತ ಬಿದ್ದರೆ ಮಾತ್ರ ಯಾರೂ ಏನನ್ನೂ ಕೇಳುವುದಿಲ್ಲ. ರೋಗದ ಹೆಸರನ್ನು ಅವರೇ ಮನೆಯಿಂದ ತಂದಿರುತ್ತಾರೆ. ಕಾರಣವೂ ಜೊತೆಗೇ ಬಂದಿರುತ್ತದೆ: ಉಷ್ಣ, ಹಸಿ ಖಾರ, ಟ್ರ್ಯಾಕ್ಟರಿನ ಸೀಟು. ನನ್ನಿಂದ ಅವರಿಗೆ ಬೇಕಾಗಿರುವುದು ಒಂದು ಟ್ಯೂಬು ಮುಲಾಮು. ಅದನ್ನೂ ಔಷಧಿ ಅಂಗಡಿಯವನು ನನಗಿಂತ ಬೇಗ ಕೊಡುತ್ತಾನೆ.

ಈ ಶಾಸ್ತ್ರಕ್ಕೆ ಪೀಠಾಧಿಪತಿಗಳೂ ಇದ್ದಾರೆ. ಅಫಜಲಪುರದ ಕಡೆ ಒಬ್ಬ ದಾರ ಕಟ್ಟುತ್ತಾನೆ. ಜೇವರ್ಗಿ ರಸ್ತೆಯಲ್ಲಿ ಒಬ್ಬ ಸೊಪ್ಪು ಅರೆದು ಮಜ್ಜಿಗೆಯಲ್ಲಿ ಕುಡಿಸುತ್ತಾನೆ. ಖಜೂರಿ ದಾಟಿ ಗಡಿಯಾಚೆ ಹೋದರೆ ಒಬ್ಬ ಮಹಾನುಭಾವ ಕಂಡ ಕಂಡ ಗೋಡೆಯ ಮೇಲೆಲ್ಲ ಒಂದೇ ಇಂಜೆಕ್ಷನ್ನಿನ ಗ್ಯಾರಂಟಿ ಬರೆಸಿದ್ದಾನೆ. ಲಾರಿ ಡ್ರೈವರುಗಳು ಅವನಿಗೆ ನಡೆದುಕೊಳ್ಳುತ್ತಾರೆ. ಈ ಸಾಲಿನಲ್ಲಿ ನಾನೂ ಒಬ್ಬ, ಗೋಡೆಗೆ ಡಿಗ್ರಿಯ ಚೌಕಟ್ಟು ತೂಗುಹಾಕಿಕೊಂಡವನು. ವ್ಯತ್ಯಾಸವಿಷ್ಟೇ, ದಾರ ಕಟ್ಟುವವನು ಕೊನೆಯಪಕ್ಷ ಬಿಚ್ಚಿಸಿ ನೋಡುತ್ತಾನೆ. ನಾನು ನೋಡದೆಯೇ ಹೇಳಬಲ್ಲವನಾಗಿದ್ದೆ.

ಕಾಲೇಜಿನಲ್ಲಿ ನಮಗೆ ಸರ್ಜರಿ ಕಲಿಸಿದ ಮೇಷ್ಟರು ಮೇಜು ಗುದ್ದಿ ಹೇಳುತ್ತಿದ್ದರು: ರಕ್ತ ಎಂದು ಬಂದವನಿಗೆ ಮೊದಲು ಬೆರಳಿಟ್ಟು ನೋಡು, ಆಮೇಲೆ ರೋಗಕ್ಕೆ ಹೆಸರಿಡು. ನಾನು ಅದನ್ನು ನೋಟ್ ಬುಕ್ಕಿನಲ್ಲಿ ಕೆಂಪು ಶಾಯಿಯಿಂದ ಬರೆದುಕೊಂಡೆ. ಪರೀಕ್ಷೆಯಲ್ಲೂ ಬರೆದೆ, ಪಾಸಾದೆ. ಆಳಂದಕ್ಕೆ ಬಂದ ಮೇಲೆ ನನ್ನ ಮೇಜಿನ ಎರಡನೆಯ ಖಾನೆಯಲ್ಲಿದ್ದ ಗ್ಲೌಸಿನ ಡಬ್ಬಿ ಹಾಗೇ ಉಳಿಯಿತು. ವರ್ಷಕ್ಕೊಮ್ಮೆ ತೆಗೆದು ನೋಡಿದರೆ ರಬ್ಬರು ಒಂದಕ್ಕೊಂದು ಅಂಟಿಕೊಂಡಿರುತ್ತಿತ್ತು. ಹೊಸದು ತರಿಸಿ ಅದೇ ಜಾಗದಲ್ಲಿ ಇಡುತ್ತಿದ್ದೆ. ದೇವರ ಜಗುಲಿಯ ಮೇಲಿನ ಹೂವನ್ನಾದರೂ ನಾವು ಇದಕ್ಕಿಂತ ಹೆಚ್ಚು ಸಲ ಬದಲಿಸುತ್ತೇವೆ.

ನನ್ನ ಮಗಳನ್ನು ಕಿಣ್ಣಿ ಸುಲ್ತಾನಕ್ಕೆ ಕೊಟ್ಟಿದ್ದೇನೆ. ಅವಳ ಮಾವ, ಅಂದರೆ ನನ್ನ ಬೀಗರು, ಅರವತ್ತೆರಡರ ಗಟ್ಟಿ ಆಳು. ಹಣೆಯ ಮೇಲೆ ಮೂರು ಬೆರಳು ವಿಭೂತಿ, ಲಿಂಗಪೂಜೆ ಆಗದೆ ಹನಿ ನೀರು ಮುಟ್ಟದ ಮನುಷ್ಯ. ಅವರಿಗೆ ಮೂವರು ತಮ್ಮಂದಿರು. ನಾಲ್ವರದೂ ಒಂದೇ ಒಲೆ, ಒಂದೇ ಹೊಲ. ಆ ಮನೆಯಲ್ಲಿ ಯಾರೂ ಏನನ್ನೂ ಒಬ್ಬರೇ ಮಾಡಿದ್ದನ್ನು ನಾನು ಕಂಡಿಲ್ಲ. ತೊಗರಿ ರಾಶಿ ಹೋಗಲಿ, ಒಬ್ಬರ ಹಲ್ಲು ಕೀಳಿಸಬೇಕಾದರೂ ಜೀಪು ತುಂಬಿಕೊಂಡು ಬರುತ್ತಾರೆ.

ಬೀಗತನ ಎಂದರೆ ಏನು ಎಂಬುದನ್ನು ಹೊರಗಿನವರಿಗೆ ಹೇಳುವುದು ಕಷ್ಟ. ಅವರು ಬಂದರೆ ನಾನು ಎದ್ದು ನಿಲ್ಲಬೇಕು, ನಾನು ಹೋದರೆ ಅವರು. ಅವರು ಕೂರದೆ ನಾನು ಕೂರುವಂತಿಲ್ಲ, ನಾನು ಕೂರದೆ ಅವರು ಕೂರುವುದಿಲ್ಲ. ಹೀಗಾಗಿ ಪ್ರತಿ ಭೇಟಿಯ ಮೊದಲ ಐದು ನಿಮಿಷ ನಾವಿಬ್ಬರೂ ಕುರ್ಚಿಯ ಮುಂದೆ ಬಗ್ಗಿ ನಿಂತೇ ಇರುತ್ತೇವೆ. ಹನ್ನೊಂದು ವರ್ಷದಲ್ಲಿ ಒಬ್ಬರ ಮುಂದೊಬ್ಬರು ಆಕಳಿಸಿಲ್ಲ. ಮಳೆ, ತೊಗರಿಗೆ ಬಿದ್ದ ಹುಳ, ಅಂದೋಲಾದ ಮಠಕ್ಕೆ ಹೋಗಿಬಂದ ಸುದ್ದಿ, ಇಷ್ಟೇ ನಮ್ಮ ಮಾತಿನ ಸರಹದ್ದು.

ಒಂದು ಕಾರ್ತೀಕದಲ್ಲಿ ಬೀಗರು ಆಳಂದಕ್ಕೆ ಬಂದವರು ನಮ್ಮ ಮನೆಗೆ ಚಹಾಕ್ಕೆ ಬಂದರು. ಚಹಾ ಮುಗಿಯಿತು. ಅವರು ಏಳಲಿಲ್ಲ. ಗೋಡೆಯ ಕ್ಯಾಲೆಂಡರನ್ನು ದಿಟ್ಟಿಸಿ ನೋಡುತ್ತಾ ಹೇಳಿದರು:

“ನಮ್ಮ ಊರಾಗ ಒಬ್ಬಾವಗ ಜರಾ ಉಷ್ಣ ಆಗ್ಯಾದ್ರಿ ಬೀಗರ. ಹಿಂದಕ ಹೋದಾಗ ಬಣ್ಣ ಕಾಣಸ್ತದಂತ.”

ಆ ಮನುಷ್ಯನ ವಯಸ್ಸೆಷ್ಟು ಎಂದು ನಾನೂ ಕ್ಯಾಲೆಂಡರನ್ನೇ ಕೇಳಿದೆ.

“ನನ್ನ ವಾರಿಗಿಯಾವ.”

ನನಗೆ ಆ ಕ್ಷಣವೇ ಅರ್ಥವಾಯಿತು. ಎಷ್ಟು ಚೆನ್ನಾಗಿ ಅರ್ಥವಾಯಿತೆಂದರೆ ಬೇರೊಂದು ಪ್ರಶ್ನೆ ಕೇಳುವ ಅಗತ್ಯವೇ ಬೀಳಲಿಲ್ಲ. ಒಳಗೆ ಹೋಗಿ ಒಂದು ಟ್ಯೂಬು ಮುಲಾಮು, ಒಂದು ಡಬ್ಬಿ ಇಸಬಗೋಲು ತಂದು ಕೊಟ್ಟೆ. ಹೇಗೆ ಹಚ್ಚಬೇಕೆಂದು ಕ್ಯಾಲೆಂಡರಿನ ಮೇಲಿದ್ದ ಶಿವನ ಚಿತ್ರಕ್ಕೆ ವಿವರಿಸಿದೆ. ಬೀಗರು ಆ ಮನುಷ್ಯನ ಪರವಾಗಿ ತೆಗೆದುಕೊಂಡರು, ಅವನ ಪರವಾಗಿ ಕೈ ಮುಗಿದರು. ಇಬ್ಬರೂ ಸಭ್ಯತೆಯ ಶಿಖರದಲ್ಲಿ ನಿಂತಿದ್ದೆವು. ಕೆಳಗೆ ಏನು ನಡೆಯುತ್ತಿದೆ ಎಂದು ನೋಡುವುದು ಶಿಖರದ ಮೇಲಿದ್ದವರ ಕೆಲಸವಲ್ಲ.

ಹೀಗೆ ಎಂಟು ತಿಂಗಳು. ಸಂಕ್ರಾಂತಿಗೆ ಬಂದಾಗ ‘ಆ ಮನುಷ್ಯ’ನಿಗೆ ಸ್ವಲ್ಪ ಗುಣವಿದೆ ಎಂದರು. ಯುಗಾದಿಗೆ ಬಂದಾಗ ಅವನು ಟ್ಯೂಬು ಮುಗಿಸಿದ್ದಾನೆ ಎಂದರು. ನಾನು ಬೇರೆ ಕಂಪನಿಯ ಟ್ಯೂಬು ಕೊಟ್ಟೆ. ವೈದ್ಯಶಾಸ್ತ್ರ ಮುಂದುವರಿಯುತ್ತಿದೆ ಎಂಬುದಕ್ಕೆ ಅದು ಸಾಕ್ಷಿ.

ಇದರ ನಡುವೆ, ನಗಬೇಡಿ, ಕಲಬುರಗಿಯಲ್ಲಿ ನಮ್ಮಂಥ ಹಳೆಯ ಡಾಕ್ಟರುಗಳಿಗೆ ಒಂದು ದಿನದ ತರಬೇತಿ ನಡೆಯಿತು. ವಿಷಯ: ದೊಡ್ಡ ಕರುಳಿನ ಕ್ಯಾನ್ಸರನ್ನು ಊರಿನ ಡಾಕ್ಟರು ಬೇಗ ಹಿಡಿಯುವುದು ಹೇಗೆ. ಪಾಠ ಮಾಡಿದವಳು ನನ್ನ ಮಗಳಿಗಿಂತ ಚಿಕ್ಕವಳಾದ ಒಬ್ಬ ಡಾಕ್ಟರು. ನಲವತ್ತೈದು, ಐವತ್ತು ದಾಟಿದವರಿಗೆ ಯಾವ ತಕರಾರು ಇಲ್ಲದಿದ್ದರೂ ಮಲದಲ್ಲಿ ಕಣ್ಣಿಗೆ ಕಾಣದ ರಕ್ತವಿದೆಯೇ ಎಂದು ಆಗಾಗ ಪರೀಕ್ಷೆ ಮಾಡಿಸಿ, ಇದ್ದರೆ ದುರ್ಬೀನು, ಅಂದರೆ ತುದಿಗೆ ಕ್ಯಾಮೆರಾ ಇರುವ ನಳಿಗೆ, ಬಿಟ್ಟು ನೋಡಿಸಿ ಎಂದಳು. ಕಣ್ಣಿಗೆ ಕಾಣುವ ರಕ್ತವೇ ಬೀಳುತ್ತಿದ್ದರೆ ಆ ಪರೀಕ್ಷೆಗೆಂದು ಕಾಯುತ್ತಾ ಕೂರಬೇಡಿ, ಮೊದಲು ನಿಮ್ಮ ಬೆರಳಿನಿಂದ ನೋಡಿ, ಕೂಡಲೇ ಮುಂದೆ ಕಳಿಸಿ ಎಂದಳು. ಕರುಳಿನಲ್ಲಿ ಮೊದಲು ಸಣ್ಣ ಗಂಟು ಏಳುತ್ತದೆ. ಅದು ಕೆಡಲು ವರ್ಷಗಟ್ಟಲೆ ಬೇಕು. ಆ ವರ್ಷಗಳೇ ನಮ್ಮ ಅದೃಷ್ಟ, ಅವನ್ನು ಮುಲಾಮು ಹಚ್ಚಿ ಕಳೆಯಬೇಡಿ ಎಂದಳು. ಆಮೇಲೆ ಸಭೆಯನ್ನು ಒಂದು ಪ್ರಶ್ನೆ ಕೇಳಿದಳು: ಹೋದ ತಿಂಗಳು ನಿಮ್ಮಲ್ಲಿ ಎಷ್ಟು ಜನ ಬೆರಳಿಟ್ಟು ನೋಡಿದ್ದೀರಿ?

ಸಭಾಂಗಣದ ತುಂಬ ನರೆತ ತಲೆಗಳು. ಎಲ್ಲವೂ ಊಟದ ಕೋಣೆಯ ಬಾಗಿಲ ಕಡೆ ತಿರುಗಿದವು. ಕೊನೆಗೆ ಹಿರಿಯರೊಬ್ಬರು ಎದ್ದು, ನಮ್ಮ ಹಳ್ಳಿಯ ಜನ ಅದಕ್ಕೆಲ್ಲ ಒಪ್ಪುವುದಿಲ್ಲಮ್ಮ ಎಂದು ಗಂಭೀರವಾಗಿ ತಿಳಿಸಿದರು. ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವನು ನಾನು.

“ನೀವು ಕೇಳಿ ನೋಡಿದ್ದೀರಾ ಸರ್?” ಎಂದಳು ಆ ಹುಡುಗಿ.

ಊಟಕ್ಕೆ ಎಣ್ಣೆಗಾಯಿ ಚೆನ್ನಾಗಿತ್ತು.

ಹೊರಡುವಾಗ ಮಲದ ಮಾದರಿ ತರಲು ಹನ್ನೆರಡು ಸಣ್ಣ ಡಬ್ಬಿ ಕೊಟ್ಟರು. ಊರಿಗೆ ಬಂದು ಹಂಚಿದೆ. ಒಂದನ್ನು ಒಬ್ಬಾಕೆ ಬೆಳಗಿ ಬಿಸಿಲಿಗೆ ಒಣಗಿಸಿ, ಉಪಕಾರವಾಯಿತು ಎಂದು ವಾಪಸು ತಂದಳು. ಇನ್ನೊಂದರಲ್ಲಿ ಒಬ್ಬ ಮುದುಕ ಎಲೆಗೆ ಹಚ್ಚುವ ಸುಣ್ಣ ತುಂಬಿಕೊಂಡದ್ದನ್ನು ನಾನೇ ಬಸ್ ಸ್ಟ್ಯಾಂಡಿನಲ್ಲಿ ಕಂಡೆ. ಒಬ್ಬ ಮಾತ್ರ ನಿಷ್ಠೆಯಿಂದ ಮಾದರಿ ತಂದ. ಚಿಟಿಕೆಯಷ್ಟು ಸಾಕೆಂದಿದ್ದರೂ ಕಡಿಮೆ ಬಿದ್ದರೆ ಸಾಹೇಬರಿಗೆ ಬೇಸರವಾದೀತೆಂದು ಕಂಠಮಟ ತುಂಬಿ, ಮುಚ್ಚಳಕ್ಕೆ ದಾರ ಸುತ್ತಿ, ಕಂಪೌಂಡರನ ಕೈಗೆ ಎರಡೂ ಕೈಯಿಂದ ಕೊಟ್ಟ. ಉಳಿದವು ಎಲ್ಲಿಗೆ ಹೋದವೋ ಕಾಣೆ. ನಾನು ಈ ಕಥೆಗಳನ್ನು ಹೇಳಿ ನಾಲ್ಕಾರು ಕಡೆ ನಗಿಸಿದ್ದೇನೆ. ಜನರ ಅಜ್ಞಾನದ ಬಗ್ಗೆ ಡಾಕ್ಟರು ಹೇಳುವ ಕಥೆ ಯಾವತ್ತೂ ಚೆನ್ನಾಗಿರುತ್ತದೆ.

ಆಷಾಢದಲ್ಲಿ ಮಗಳು ಫೋನು ಮಾಡಿದಳು. ಅವಳು ಆಳಂದದ ಒಂದು ಶಾಲೆಯಲ್ಲಿ ಟೀಚರು. ದಿನಾ ಕಿಣ್ಣಿ ಸುಲ್ತಾನದಿಂದ ಓಡಾಡುತ್ತಾಳೆ. ಮಾತು ಸುತ್ತಿ ಬಳಸಿ ಆಡುವವಳಲ್ಲ.

“ಅಪ್ಪಾ, ಮಾವ ದಿನಕ್ಕ ಏಳೆಂಟ್ ಸಲ ಸಂಡಾಸಕ್ಕ ಹೋಗಾಕತ್ತಾರ. ಹೋಗಿ ಬಂದ್ರೂ ಇನ್ನೂ ಉಳಿದಾಂಗ ಅನಸ್ತದಂತ. ಮೈ ಇಳದಾದ. ಅವರ ಧೋತ್ರ ಒಗ್ಯಾಕಿ ನಾ. ನನಗ ಎಲ್ಲಾ ಕಾಣಸ್ತದ.”

ನಿಮ್ಮ ಊರಿನ ಒಬ್ಬರಿಗೆ ಅದೇ ತಕರಾರಿಗೆ ಔಷಧಿ ಕೊಡುತ್ತಲೇ ಇದ್ದೇನಲ್ಲ ಎಂದೆ. ಹೇಳುವಾಗಲೇ ನನ್ನ ಮಾತು ನನಗೇ ಹೊಲಸಾಗಿ ಕೇಳಿಸಿತು.

“ಅಪ್ಪಾ, ಒಂದ್ ಹೇಳು. ನೀ ಅವರ ಕೂಡ ಡಾಕ್ಟರ್ ಆಗಿ ಮಾತಾಡಾಕತ್ತೀಯೋ, ಬೀಗ ಆಗಿಯೋ? ಬೀಗ ಆಗಿ ಅಂದ್ರ ನಾ ಬ್ಯಾರೆ ಡಾಕ್ಟರ್ನ ನೋಡ್ತೇನಿ.”

ಮರುದಿನವೇ ಕಿಣ್ಣಿ ಸುಲ್ತಾನಕ್ಕೆ ಹೋದೆ. ಎಂಟು ತಿಂಗಳ ರಕ್ತ, ಇಳಿದ ಮೈ, ಅರವತ್ತೆರಡರ ವಯಸ್ಸು. ಇವು ಮೂರನ್ನು ಕೂಡಿಸಿದರೆ ಏನಾಗಬಹುದೆಂದು ನನಗೆ ಗೊತ್ತಿತ್ತು. ಹೋಗುವಾಗ ದಾರಿಯುದ್ದಕ್ಕೂ ಶಪಥ ಮಾಡಿದೆ. ಪಡಸಾಲೆಗೆ ಕಾಲಿಟ್ಟೆ. ಬೀಗರು ಎದ್ದು ನಿಂತರು, ತಮ್ಮಂದಿರು ಎದ್ದು ನಿಂತರು, ಕಾಲಿಗೆ ನೀರು ಬಂತು, ಬೀಗತಿ ಸೆರಗು ತಲೆಯ ಮೇಲೆ ಎಳೆದುಕೊಂಡು ನಮಸ್ಕಾರ ಮಾಡಿದರು. ಶಪಥ ಅಲ್ಲಿಗೆ ಮುಗಿಯಿತು. ಬೆರಳಿನ ಮಾತೆತ್ತುವ ಬದಲು, ನಮ್ಮ ವಯಸ್ಸಿನವರೆಲ್ಲ ಒಮ್ಮೆ ಕರುಳಿಗೆ ದುರ್ಬೀನು ಬಿಡಿಸಿ ನೋಡಿಸಿಕೊಳ್ಳುವುದು ಒಳ್ಳೆಯದೆಂದು ಈಗ ಹೇಳುತ್ತಾರೆ ಎಂದು ಪೀಠಿಕೆ ಹಾಕಿದೆ.

ದುರ್ಬೀನು ಎಲ್ಲಿಂದ ಬಿಡುತ್ತಾರೆ ಎಂದು ಬೀಗರು ವಿಚಾರಿಸಿದರು. ನಾನು ಪದ ಹುಡುಕುತ್ತಿದ್ದಾಗ ಕಿರಿಯ ತಮ್ಮ ಕೈಸನ್ನೆಯಿಂದ ತೋರಿಸಿದ. ದೊಡ್ಡ ತಮ್ಮ ಬಾಯಿಂದಲೇ ಇನ್ನಷ್ಟು ಉದ್ದ ಬಿಡಲು ಬರುವುದಿಲ್ಲವೇ ಎಂದು ಕೇಳಿದ. ಬೀಗರು ಬಹಳ ಹೊತ್ತು ಯೋಚಿಸಿ, ಬೀಗರ ಮಾತು ತೆಗೆದುಹಾಕುವುದು ಹೇಗೆ ಎಂದು ಒಪ್ಪಿದರು. ನಾನು ಕಲಬುರಗಿಯ ತಜ್ಞರಿಗೆ ಚೀಟಿ ಬರೆದೆ.

ದುರ್ಬೀನಿಗೆ ಮೊದಲು ಕರುಳು ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿಯಾಗಬೇಕು. ಅದಕ್ಕೆ ಒಂದು ಪುಡಿ ಇದೆ. ಮೂರು ಲೀಟರು ನೀರಿಗೆ ಕಲಸಿ ಕುಡಿದರೆ ಕುಡಿದದ್ದು, ಉಂಡದ್ದು ಎಲ್ಲ ಹೊರಗೆ. ಇದನ್ನು ಹೀಗೇ ಹೇಳಬೇಕಿತ್ತು. ಆದರೆ ಬೀಗರ ಹೊಟ್ಟೆಯೊಳಗಿನಿಂದ ಏನು, ಎಷ್ಟು ಸಲ, ಯಾವ ಬಣ್ಣದಲ್ಲಿ ಹೊರಬರಬೇಕೆಂದು ಬೀಗತಿಯ ಎದುರು, ತಮ್ಮಂದಿರ ಎದುರು ಹೇಳುವುದು ನನ್ನ ಸಂಸ್ಕಾರಕ್ಕೆ ಒಗ್ಗಲಿಲ್ಲ. ಆದ್ದರಿಂದ ಕುಡಿಯುವುದರ ಬಗ್ಗೆ ಮಾತ್ರ ಮಾತಾಡಿದೆ. ಬೆಳಗಿನಿಂದ ಗಟ್ಟಿ ಊಟ ಬೇಡ. ಸಂಜೆ ಐದಕ್ಕೆ ಶುರು ಮಾಡಬೇಕು, ಎಂಟರೊಳಗೆ ಎರಡು ಲೀಟರು ತೀರಬೇಕು, ಉಳಿದ ಒಂದು ಲೀಟರು ಬೆಳಗಿನ ಜಾವಕ್ಕೆ. ಎಲ್ಲರೂ ತಲೆಯಾಡಿಸಿದರು. ಕೆಲಸ ತೀರಿಸುವುದರಲ್ಲಿ ಆ ಮನೆಯವರನ್ನು ಮೀರಿಸಿದವರಿಲ್ಲ.

ಆ ಸಂಜೆ ಮಗಳು ಶಾಲೆಯ ಯಾವುದೋ ಮೀಟಿಂಗಿನಲ್ಲಿ ಸಿಕ್ಕಿಕೊಂಡಳು. ಅವಳು ಮನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ಅವಳೇ ನನಗೆ ಹೇಳಿದ್ದು: ಬೀಗರು ಎರಡು ಲೋಟ ಕುಡಿದರು. ಉಪ್ಪುಪ್ಪು, ಮೇಲೆ ನಿಂಬೆಯ ವಾಸನೆ. ಮೂರನೆಯದಕ್ಕೆ ಮುಖ ಕಿವುಚಿದರು. ಹಿರಿಯಣ್ಣ ಒಬ್ಬನೇ ಕಷ್ಟಪಡುತ್ತಿರುವಾಗ ಮೂವರು ತಮ್ಮಂದಿರು ಎದುರು ಕೂತು ನೋಡುವುದು ಆ ಮನೆಯ ಚರಿತ್ರೆಯಲ್ಲೇ ಇಲ್ಲ. ದೊಡ್ಡ ತಮ್ಮ ಒಂದು ಲೋಟ ಎತ್ತಿದ. ನಡುವಿನವನು ಒಂದು. ಕಿರಿಯವನು ಹುಮ್ಮಸ್ಸಿನವನು, ಎರಡು. ಬೀಗತಿ ಕೈಯೊಡ್ಡಿ ಅರ್ಧ ತೆಗೆದುಕೊಂಡರು. ಬಿತ್ತುವ ಕೂರಿಗೆ ಕೇಳಲು ಬಂದ ಪಕ್ಕದ ಮನೆಯವನಿಗೂ, ಕುಡಿಯುವ ಹೊತ್ತಿಗೆ ಬಂದವನನ್ನು ಬರಿಗೈಲಿ ಕಳಿಸುವುದು ಹೇಗೆಂದು ಒಂದು ಕೊಟ್ಟರು. ಏಳೂವರೆಗೆ ಎರಡು ಲೀಟರೂ ಖಾಲಿ. ಎಂಟರ ಗಡುವಿಗೆ ಅರ್ಧ ಗಂಟೆ ಮೊದಲೇ. ಅದೇ ಉತ್ಸಾಹದಲ್ಲಿ ಬೆಳಗಿನ ಲೀಟರನ್ನೂ ಕೈಕೈ ದಾಟಿಸಿ ತೀರಿಸಿದರು.

ಮುಂದೆ ಆ ಮನೆಯ ಒಂದೇ ಒಂದು ಸಂಡಾಸಿನ ಮುಂದೆ ನಡೆದದ್ದನ್ನು ಬಣ್ಣಿಸುವ ಶಕ್ತಿ ನನಗಿಲ್ಲ. ನಡುವಿನ ತಮ್ಮ ಹೊಲಕ್ಕೆ ಹೋದವನು ಬೆಳಗಾದ ಮೇಲೆ ಬಂದನಂತೆ. ಕೂರಿಗೆಯವನು ಎಂಟು ದಿನ ಈ ಕಡೆ ಸುಳಿಯಲಿಲ್ಲ. ಇಡೀ ಓಣಿಯಲ್ಲಿ ಹೊಟ್ಟೆ ತೊಳೆಯದೆ ಉಳಿದವರು ಯಾರೆಂದರೆ ನನ್ನ ಬೀಗರು.

ಕಲಬುರಗಿಯ ಆಸ್ಪತ್ರೆಯಲ್ಲಿ ನರ್ಸಮ್ಮ ಕೊನೆಯ ಸಲ ಹೇಗಾಯಿತು ಎಂದು ಕೇಳಿದಳು. ಜೊತೆಗೆ ನನ್ನ ಅಳಿಯ ಇದ್ದ. ಬೀಗರು ಎದೆಯುಬ್ಬಿಸಿ, ಚೆನ್ನಾಗಿ ಗಟ್ಟಿಯಾಗಿಯೇ ಆಗಿದೆ ಎಂದು ಉತ್ತರಿಸಿದರು. ಅವಳು ಒಂದು ಚೀಟಿ ಬರೆದು ಅಳಿಯನ ಕೈಗೆ ಕೊಟ್ಟು ಮನೆಗೆ ಕಳಿಸಿದಳು.

ಇಲ್ಲಿ ನಮ್ಮ ಕಡೆಯ ಇನ್ನೊಂದು ಶಾಸ್ತ್ರ ಬರುತ್ತದೆ. ದೊಡ್ಡ ಆಸ್ಪತ್ರೆ ಕೈಗೆ ಸಿಕ್ಕವನನ್ನು ಬಿಡುವುದಿಲ್ಲ. ಬಿಟ್ಟಿತೆಂದರೆ ಅವನಿಗೆ ಏನೂ ಇಲ್ಲ. ಬೀಗರು ಊರಿಗೆ ಬಂದು, ನನ್ನನ್ನು ನೋಡಿದರು, ಮನೆಗೆ ಹೋಗು ಅಂದರು ಎಂದು ಸಾರಿದರು. ಅಳಿಯ ಸುಮ್ಮನಿದ್ದ. ತಂದೆಯ ಮಾತಿಗೆ ಎದುರಾಡುವ ಪದ್ಧತಿ ಆ ಮನೆಯಲ್ಲಿಲ್ಲ, ಡಿಗ್ರಿ ಓದಿದವನಾದರೂ. ಮಗಳು ಚೀಟಿಯೆಲ್ಲಿ ಎಂದರೆ, ಆಮೇಲೆ ನೋಡೋಣ ಎಂದನಂತೆ. ಬೀಗರಿಗೆ ಗುಣವಾದ ಖುಷಿಗೆ ಹೋಳಿಗೆ ಊಟ ಇಟ್ಟರು. ಮುಖ್ಯ ಅತಿಥಿ, ಸಹಜವಾಗಿ, ನಾನು.

ಊಟಕ್ಕೆ ಮೊದಲು ಕೈ ತೊಳೆಯುವ ಕಲ್ಲಿನ ಹತ್ತಿರ ಅಳಿಯನನ್ನು ನಿಲ್ಲಿಸಿ ಚೀಟಿ ಕೇಳಿದೆ. ಅಂಗಿಯ ಜೇಬಿನಿಂದ ತೆಗೆದು, ನೆಲ ನೋಡುತ್ತಾ ಕೊಟ್ಟ. ಹೊಟ್ಟೆ ಸ್ವಚ್ಛವಾಗಿಲ್ಲ, ಪರೀಕ್ಷೆ ಮಾಡಿಲ್ಲ, ಮತ್ತೆ ತಯಾರಿ ಮಾಡಿಕೊಂಡು ಬರಬೇಕು ಎಂದಿತ್ತು. ಕೊಟ್ಟ ತಾರೀಖು ದಾಟಿ ನಾಲ್ಕು ದಿನವಾಗಿತ್ತು.

ಒಳಗೆ ಎಲೆ ಹಾಕಿದ್ದರು. ಬೀಗರ ಪಕ್ಕದ ಎಲೆ ನನ್ನದು. ಹೋಳಿಗೆಯ ಮೇಲೆ ತುಪ್ಪ ಹರಿಯುತ್ತಿತ್ತು. ಚೀಟಿಯಲ್ಲಿ ಏನಿದೆ ಎಂದು ಹೇಳಿ ಇನ್ನೊಮ್ಮೆ ಹೋಗಬೇಕು ಎಂದೆ. ಬೀಗರು ನಗುತ್ತಲೇ ತಲೆಯಾಡಿಸಿದರು. ಒಮ್ಮೆ ಹೋಗಿ ಬಂದಾಯಿತು, ಬಿತ್ತಿಗೆಯ ದಿನ, ಇನ್ನು ಆ ಕಡೆ ಮುಖ ಹಾಕುವವನಲ್ಲ ಎಂದರು. ತಮ್ಮಂದಿರೂ ನಕ್ಕರು, ಅವರಿಗಂತೂ ಆ ಔಷಧಿಯ ಹೆಸರೇ ಬೇಡವಾಗಿತ್ತು. ಬಾಗಿಲಲ್ಲಿ ನಿಂತ ಮಗಳು ನನ್ನನ್ನೇ ನೋಡುತ್ತಿದ್ದಳು.

ನಾನು ಎಲೆಯ ಮುಂದಿನಿಂದ ಎದ್ದೆ.

“ಬೀಗರ, ನಿಮ್ಮ ಊರಾಗಿನ ಆ ಮನುಷ್ಯಾನ್ನ ನಾ ಇವತ್ತ ನೋಡಬೇಕು.”

ಅವರ ನಗು ನಿಂತಿತು. ಮೂವರು ತಮ್ಮಂದಿರಿಗೆ ಯಾವ ಮನುಷ್ಯ ಎಂದು ತಿಳಿಯಲಿಲ್ಲ.

“ಅವಾ ಒಪ್ಪಾಂಗಿಲ್ರಿ,” ಎಂದರು ಬೀಗರು, ಸಣ್ಣ ದನಿಯಲ್ಲಿ.

“ಒಪ್ಪಲಿಲ್ಲಂದ್ರ ನಾ ಉಣ್ಣಾಂಗಿಲ್ರಿ. ಹಿಂಗಽ ಆಳಂದಕ್ಕ ಹೋಗ್ತೇನಿ.”

ಬಡಿಸಿದ ಎಲೆ ಬಿಟ್ಟು ಬೀಗರು ಎದ್ದು ಹೋಗುವುದೆಂದರೆ ನಮ್ಮ ಕಡೆ ಏನೆಂದು ಬಲ್ಲವರಿಗೆ ಗೊತ್ತು. ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಆ ಮನೆಗೆ ಮತ್ತೆ ಹೆಣ್ಣು ಕೊಡುವವರು ಎರಡು ಸಲ ಯೋಚಿಸುತ್ತಾರೆ. ಬೀಗತಿಯ ಕೈಯಲ್ಲಿದ್ದ ತುಪ್ಪದ ಗಿಂಡಿ ಅಲ್ಲೇ ನಿಂತಿತು. ಎಂಟು ತಿಂಗಳು ರಕ್ತ ಸುರಿದಾಗ ಹೆದರದ ಮನುಷ್ಯ, ಬೀಗರು ಉಪವಾಸ ಹೋದಾರೆಂಬುದಕ್ಕೆ ಹೆದರಿ ಎದ್ದ. ನಾನೂ ಆ ಜಾತಿಯವನೇ ಎಂಬುದನ್ನು ಮರೆತು ಹೇಳುತ್ತಿಲ್ಲ.

ಕಾಳಿನ ಕೋಣೆಗೆ ಹೋದೆವು. ತೊಗರಿ ಚೀಲಗಳ ನಡುವೆ ಒಂದು ಹೊರಸು. ನನ್ನ ಕೈಪೆಟ್ಟಿಗೆಯಲ್ಲಿ ಅಂಟದೆ ಉಳಿದಿದ್ದ ಒಂದು ಜೊತೆ ಗ್ಲೌಸು ಸಿಕ್ಕಿತು. ಮಗಳು ವ್ಯಾಸಲೀನಿನ ಡಬ್ಬಿ ತಂದು ಬಾಗಿಲ ಸಂದಿಯಿಂದ ಕೊಟ್ಟಳು. ಹೊರಗೆ ಮೂವರು ತಮ್ಮಂದಿರು ಕಾವಲಿಗೆ ನಿಂತರು. ಅದನ್ನು ತಪ್ಪಿಸುವುದು ಸಾಧ್ಯವಿರಲಿಲ್ಲ. ಬೀಗರು ಗೋಡೆಯ ಕಡೆ ಮುಖ ಮಾಡಿ, ಮೊಳಕಾಲು ಎದೆಗೆಳೆದುಕೊಂಡು ಮಲಗಿದರು. ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು.

ಎಲ್ಲ ಸೇರಿ ಎರಡು ನಿಮಿಷದ ಕೆಲಸ. ಎರಡು ನಿಮಿಷವೂ ಇಲ್ಲ. ಗಟ್ಟಿಯಾದ, ಅಂಚು ಎದ್ದ, ಒತ್ತಿದರೆ ಜಾಗ ಬಿಡದ ಗಂಟೊಂದು ಬೆರಳಿನ ತುದಿಗೆ ತಾಗಿತು. ಬೆರಳಿಗೆ ರಕ್ತ ಬಂತು. ಮೂಲವ್ಯಾಧಿ ಹಾಗಿರುವುದಿಲ್ಲ. ನಾವು ಕ್ಯಾಲೆಂಡರು ನೋಡುತ್ತಾ ಕೂತ ದಿನಗಳಲ್ಲೆಲ್ಲ ಅದು ಅಲ್ಲೇ ಇತ್ತು, ಒಂದು ಬೆರಳಿನ ದೂರದಲ್ಲಿ.

ನಾನು ಗ್ಲೌಸು ಬಿಚ್ಚುತ್ತಿದ್ದಾಗ ಅವರು ಗೋಡೆಯ ಕಡೆಯಿಂದ ಕೇಳಿದರು.

“ಮೂಲವ್ಯಾಧೀನಽ ಹೌದಲ್ರಿ?”

“ಅಲ್ರಿ.”

ಅವರು ಎದ್ದು ಧೋತರ ಸರಿಮಾಡಿಕೊಂಡರು. ತುಸು ಹೊತ್ತು ಚೀಲಗಳನ್ನು ನೋಡುತ್ತಾ ನಿಂತರು.

“ಮೊದಲ ಊಟ ಮಾಡ್ರಿ ನೀವು,” ಎಂದರು.

ನಾನು ಉಂಡೆ. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಎರಡು ಇಳಿದವು, ಬೀಗತಿ ಮೂರನೆಯದನ್ನೂ ಹಾಕಿದರು.

ಎರಡನೆಯ ಸಲದ ತಯಾರಿಗೆ ನಾನೇ ಹೋಗಿ ಕೂತೆ. ಪಡಸಾಲೆಯಲ್ಲಿ ಎಲ್ಲರನ್ನೂ ಕೂರಿಸಿ, ಏನು ಹೊರಬರಬೇಕು, ಎಷ್ಟು ಸಲ, ಕೊನೆಗೆ ಅದು ಗಸಿಯಿಲ್ಲದ ತಿಳಿಹಳದಿ ನೀರಾಗಬೇಕು ಎಂದು ಬೀಗತಿಯ ಎದುರೇ ಹೇಳಿದೆ. ಆಕಾಶ ಬೀಳಲಿಲ್ಲ. ಬೀಗತಿ ಸೆರಗಿನೊಳಗಿನಿಂದಲೇ, ಇಷ್ಟು ಮೊದಲೇ ಹೇಳಿದ್ದರೆ ಆಗುತ್ತಿತ್ತಲ್ಲ ಎಂದರು. ತಮ್ಮಂದಿರನ್ನು ಹೊಲಕ್ಕೆ ಅಟ್ಟಿದೆ. ಪ್ರತಿ ಸಲ ಹೋಗಿ ಬಂದಾಗಲೂ ಸ್ನಾನ ಮಾಡದೆ ಲಿಂಗವಿದ್ದ ಮೈಯಲ್ಲಿ ಹೇಗೆ ಕೂರಲಿ ಎಂದು ಬೀಗರು ತಕರಾರೆತ್ತಿದರು. ಹದಿನಾಲ್ಕು ಸಲ ಮೀಯುವುದಾದರೆ ಕ್ಯಾನ್ಸರಿಗಿಂತ ಮೊದಲು ನೆಗಡಿ ಕೊಂಡೊಯ್ಯುತ್ತದೆ ಎಂದೆ. ಕ್ಯಾನ್ಸರು ಎಂಬ ಮಾತು ಆ ಮನೆಯಲ್ಲಿ ಆಡಿದ್ದು ಅದೇ ಮೊದಲು. ಅವರು ಲೋಟ ಎತ್ತಿ ಕುಡಿದರು, ಕೊನೆಯ ಹನಿಯವರೆಗೆ, ಒಬ್ಬರೇ.

ದುರ್ಬೀನಿನಲ್ಲಿ ಕೆಳಗಿನ ಗಂಟು ಕಂಡಿತು. ಅದರಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಮೇಲೆ ಇನ್ನೆರಡು ಸಣ್ಣ ಗಂಟುಗಳಿದ್ದವು, ಇನ್ನೂ ಕೆಟ್ಟಿರಲಿಲ್ಲ. ಅವನ್ನು ಅಲ್ಲೇ, ಅದೇ ನಳಿಗೆಯಿಂದ ಕತ್ತರಿಸಿ ತೆಗೆದರು. ಚೂರಿನ ಉತ್ತರ ಬಂತು: ಕ್ಯಾನ್ಸರು.

ಸ್ಕ್ಯಾನಿನಲ್ಲಿ ಅದು ಬೇರೆಡೆ ಹೋದದ್ದು ಕಾಣಲಿಲ್ಲ. ಸೊಲ್ಲಾಪುರದಲ್ಲಿ ಕರೆಂಟು ಕೊಡಿಸಿದ್ದಾಯಿತು. ನಮ್ಮ ಜನ ರೇಡಿಯೇಷನ್ನಿಗೆ ಕರೆಂಟು ಎನ್ನುತ್ತಾರೆ. ಮಾತ್ರೆ, ಆಮೇಲೆ ಆಪರೇಷನ್ನು. ಗಂಟು ಬಹಳ ಕೆಳಗಿದ್ದುದರಿಂದ ದಾರಿಯನ್ನೇ ಮುಚ್ಚಿ, ಕರುಳಿನ ತುದಿಯನ್ನು ಹೊಟ್ಟೆಯ ಎಡಗಡೆಗೆ ತಂದು, ಅದಕ್ಕೊಂದು ಚೀಲ ಅಂಟಿಸಿದರು. ಇನ್ನು ಜೀವ ಇರುವವರೆಗೆ ಆ ಚೀಲ. ನೋಡಲು ಬಂದ ನೆಂಟರು ಬೀಗರ ಹಣೆಬರಹವನ್ನು ಹಳಿದರು, ಊರ ಬಾವಿಯ ನೀರನ್ನು ಹಳಿದರು, ಹೈಬ್ರಿಡ್ ಬೀಜವನ್ನು ಹಳಿದರು. ನನ್ನನ್ನು ಯಾರೂ ಹಳಿಯಲಿಲ್ಲ. ಡಾಕ್ಟರ್ ಬೀಗರು ಇದ್ದದ್ದಕ್ಕೆ ಉಳಿದರು ಎಂದು ಹೊಗಳಿದರು. ನಾನು ಹೊಗಳಿಕೆಯನ್ನು ವಿನಯದಿಂದ ಸ್ವೀಕರಿಸಿದೆ. ಕೈ ಕೂಡ ಮುಗಿದೆ.

ಒಡಹುಟ್ಟಿದವರೂ ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದು ಆಸ್ಪತ್ರೆಯವರು ಬರೆದುಕೊಟ್ಟಿದ್ದರು. ಒಂದೇ ರಕ್ತದವರಿಗೆ ಬರುವ ಸಂಭವ ಹೆಚ್ಚು. ನಾಲ್ಕು ತಿಂಗಳಾದರೂ ಒಬ್ಬರೂ ಹೋಗಲಿಲ್ಲ. ದೊಡ್ಡ ತಮ್ಮನಿಗೆ ರಾಶಿ, ನಡುವಿನವನಿಗೆ ಅಮಾವಾಸ್ಯೆ, ಕಿರಿಯವನಿಗೆ ಏನೂ ತಕರಾರಿಲ್ಲ, ಅಳಿಯನಿಗೆ ಚಿಕ್ಕಪ್ಪಂದಿರು ಹೋದ ಮೇಲೆ. ಅಣ್ಣನ ಪಾಲಿನದನ್ನು ಹಂಚಿಕೊಂಡು ಕುಡಿದವರು ತಮ್ಮ ಪಾಲಿಗೆ ಬಂದಾಗ ಪಂಚಾಂಗ ನೋಡತೊಡಗಿದರು.

ಮಾಘದ ಒಂದು ಬೆಳಿಗ್ಗೆ ಬೀಗರನ್ನು ನೋಡಲು ಹೋಗಿದ್ದೆ. ಅಂಗಳದಲ್ಲಿ ಹೊರಸಿನ ಮೇಲೆ ಬಿಸಿಲಿಗೆ ಕೂತಿದ್ದರು. ಚೀಲ ಕಾಣದಿರಲೆಂದು ಸಡಿಲ ಅಂಗಿ ಹೊಲಿಸಿಕೊಂಡಿದ್ದರು. ಅವರು ಏಳಲು ಹೋದರು, ನಾನು ಬೇಡವೆಂದೆ, ಏಳಲಿಲ್ಲ. ಹೊಲದ ಮಾತಾಯಿತು. ಆಮೇಲೆ ನನ್ನ ಮುಖವನ್ನು ನೇರ ನೋಡಿ ಕೇಳಿದರು:

“ಒಂದ್ ಕೇಳ್ತೇನಿ, ಬೀಗ ಆಗಿ ಜವಾಬ್ ಕೊಡಬ್ಯಾಡ್ರಿ. ಆ ಕಾರ್ತೀಕದಾಗಽ ನೋಡಿದ್ರ ಈ ಚೀಲ ತಪ್ಪತಿತ್ತೇನು?”

ಇಂಥ ಪ್ರಶ್ನೆಗೆ ನಮ್ಮ ವೃತ್ತಿಯಲ್ಲಿ ಸಿದ್ಧ ಉತ್ತರಗಳಿವೆ. ಒಬ್ಬೊಬ್ಬರ ದೇಹ ಒಂದೊಂದು ಥರ. ರೋಗ ಯಾವಾಗ ಶುರುವಾಯಿತೋ ಯಾರು ಕಂಡರು. ಎಲ್ಲ ಮೇಲಿನವನ ಇಚ್ಛೆ. ಮೂವತ್ತನಾಲ್ಕು ವರ್ಷ ಇವನ್ನೇ ಹಂಚಿದ್ದೇನೆ, ಮುಲಾಮಿನ ಹಾಗೆ.

“ತಪ್ಪತಿತ್ತು ಅನಸ್ತದ್ರಿ,” ಎಂದೆ. “ಖಾತ್ರಿ ಹೇಳಾಕ ಬರಾಂಗಿಲ್ಲ. ಆದ್ರ ಗಂಟು ಸಣ್ಣದಿರತಿತ್ತು. ನೋಡೋದು ನನ್ನ ಕೆಲಸ ಇತ್ತು. ನಾ ನೋಡಲಿಲ್ಲ.”

ಅವರು ಹೊರಸಿನ ಕೆಳಗೆ ಬಂದ ಪಕ್ಕದ ಮನೆಯ ಕೋಳಿಯನ್ನು ಕಾಲಿನಿಂದ ಸರಿಸಿದರು. ಕ್ಷಮಿಸಿದೆ ಎಂದೂ ಅನ್ನಲಿಲ್ಲ, ಇರಲಿ ಬಿಡಿ ಎಂದೂ ಅನ್ನಲಿಲ್ಲ.

“ಹಂಗಾರ ಇದನ್ನ ನಾಕ್ ಮಂದಿ ಮುಂದ ಹೇಳ್ರಿ,” ಎಂದರು. “ನಾ ಹೇಳಿದ್ರ ರೋಗಿಷ್ಟ ಬಡಬಡಸಾಕತ್ತಾನ ಅಂತಾರ. ಡಾಕ್ಟರ್ ತನ್ನ ತಪ್ಪು ಹೇಳಿದ್ರ ಕೇಳ್ತಾರ. ಮೊದಲ ಈ ಮನ್ಯಾಗಽ ಹೇಳ್ರಿ.”

ಅವರೇ ಕೂಗಿ ಕರೆದರು. ತಮ್ಮಂದಿರು ಬಂದು ಪಡಸಾಲೆಯಲ್ಲಿ ಕೂತರು, ಅಳಿಯನೂ ಬಂದ, ಮಗಳು ಬಾಗಿಲಿಗೆ ಒರಗಿ ನಿಂತಳು. ನಾನು ಹೇಳಿದೆ. ಊರಿನ ಒಬ್ಬ ಮನುಷ್ಯ ಎಂಬ ನಾಟಕದಿಂದ ಹಿಡಿದು, ನೋಡದೆ ಕೊಟ್ಟ ಟ್ಯೂಬುಗಳು, ನಾಚಿಕೆಗೆ ಬಾಯಿ ಬಿಟ್ಟು ಹೇಳದೆ ಉಳಿಸಿದ ತಯಾರಿಯ ವಿಧಿ, ಎಲ್ಲವನ್ನೂ. ಹೇಳುವಾಗ ನಾಲಿಗೆ ಒಣಗಿತು. ಯಾರೂ ನೀರು ಕೊಡಲು ಏಳಲಿಲ್ಲ.

ಕೊನೆಗೆ ದೊಡ್ಡ ತಮ್ಮ ಬೀಡಿಯನ್ನು ನೆಲಕ್ಕೆ ಉಜ್ಜಿ ಆರಿಸಿ, ತನಗೂ ಎರಡು ತಿಂಗಳಿಂದ ಒಮ್ಮೊಮ್ಮೆ ಬಣ್ಣ ಕಾಣಿಸುತ್ತಿದೆ ಎಂದ. ಯಾವತ್ತು ಬರಲಿ ಎಂದು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಬೀಗರು ಹೇಳಿದರು: “ಈಗಽ. ಒಳಗ ನಡಿ ಲೇ.”